ಹೊನ್ನಕ್ಕನ ಪಾಲಿನ ಅಕ್ಷತೆ

ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಹೊರಗೆ, ಚಳ್ಳಕೆರೆ ಬಸ್ಸುಗಳು ತಿರುಗಿಕೊಳ್ಳುವ ಮೂಲೆಯಲ್ಲಿ ಹೊನ್ನಕ್ಕನ ಮಂಡಕ್ಕಿ ಮೆಣಸಿನಕಾಯಿ ಗಾಡಿ ನಿಂತಿರುತ್ತದೆ. ಗಿರಾಕಿಯೇ ದೇವರು ಅನ್ನುವವರು ಒಮ್ಮೆ ಆ ಗಾಡಿಯ ಮುಂದೆ ನಿಂತು ನೋಡಬೇಕು. ಮೆಣಸಿನಕಾಯಿ ಬಜ್ಜಿ ತಣ್ಣಗಾಗಿದೆ ಅಂದವನಿಗೆ, ನಿನ್ನ ಬಾಯಿ ಬಿಸಿ ಇದೆಯಲ್ಲ ಸಾಕು ತಿನ್ನು ಅನ್ನುತ್ತಾಳೆ. ಇನ್ನೊಂದು ಹಿಡಿ ಮಂಡಕ್ಕಿ ಹಾಕು ಅಂದವನ ಮುಖವನ್ನು ಮೇಲಿಂದ ಕೆಳಗೆ ನೋಡಿ, ಅವನ ಹಿಂದೆ ನಿಂತವನಿಗೆ ಪೊಟ್ಟಣ ಕಟ್ಟಿ ಕೊಡುತ್ತಾಳೆ. ಆದರೂ ಜನ ಬರುತ್ತಾರೆ. ಅವಳ ಮೆಣಸಿನಕಾಯಿಗೆ ಇಡೀ ತಾಲ್ಲೂಕಿನಲ್ಲಿ ಸಾಟಿಯಿಲ್ಲ, ಅದಕ್ಕೆ ಬರುತ್ತಾರೆ. ಜನರ ಮಾನ ಮರ್ಯಾದೆಯೆಲ್ಲ ನಾಲಿಗೆಗೆ ರುಚಿ ಹತ್ತುವ ತನಕ ಅಂತ ಹೊನ್ನಕ್ಕನ ಅಭಿಪ್ರಾಯ. ನನ್ನದೂ ಅದೇ.

ನಾನು ಚಳ್ಳಕೆರೆಯವನು. ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಈ ಕಸುಬು ಮಾಡುವವನಿಗೆ ಮನುಷ್ಯರ ಮೇಲೆ ಗೌರವ ಉಳಿಸಿಕೊಳ್ಳುವುದು ಕಷ್ಟ. ಮದುವೆಗೂ ತಿಥಿಗೂ ಸನ್ಮಾನಕ್ಕೂ ಅವೇ ಕುರ್ಚಿಗಳು, ಅದೇ ಮೈಕು. ಅದರ ಮುಂದೆ ಬಂದ ದೊಡ್ಡ ಮನುಷ್ಯರೆಲ್ಲ ಮೊದಲು ಎರಡು ಸಲ ತಟ್ಟುತ್ತಾರೆ, ಹಲೋ ಅನ್ನುತ್ತಾರೆ, ಆಮೇಲೆ ಸುಳ್ಳು ಶುರು ಮಾಡುತ್ತಾರೆ. ಮೈಕು ಸುಟ್ಟು ಹೋಗುವುದಿಲ್ಲವಲ್ಲ ಅಂತ ನನಗೆ ಎಷ್ಟೋ ಸಲ ಆಶ್ಚರ್ಯವಾಗಿದೆ.

ನಮ್ಮ ಮನೆಮಾತು ತೆಲುಗು. ಆಂಧ್ರದ ಗಡಿ ಇಲ್ಲೇ ಕೂಗಳತೆಯಲ್ಲಿದೆ, ಆದರೆ ನಾವು ತಲೆತಲಾಂತರದಿಂದ ಈ ಕಡೆಯವರು. ಲೆಕ್ಕ ಮಾಡುವುದು ಕನ್ನಡದಲ್ಲಿ, ಬಯ್ಯುವುದು ತೆಲುಗಿನಲ್ಲಿ. ಮೊಳಕಾಲ್ಮೂರಿನಲ್ಲಿ ನಮ್ಮವರದೊಂದು ತೆಲುಗು ಶಾಲೆ ಇದೆ, ಅದನ್ನು ನಡೆಸಲು ಒಂದು ಸಂಘ ಇದೆ. ಎರಡೂ ತಾಲ್ಲೂಕಿನ ತೆಲುಗಿನವರು ಅದರ ಸದಸ್ಯರು. ಸಂಘದ ಬೈಲಾದ ಪ್ರಕಾರ ಮೂರು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಗುಟ್ಟಾಗಿ ಓಟು ಹಾಕಿ ಅಧ್ಯಕ್ಷನನ್ನೂ ಆಡಳಿತ ಮಂಡಳಿಯನ್ನೂ ಆರಿಸಬೇಕು. ಬೈಲಾದಲ್ಲಿ ಹೀಗಿತ್ತು. ಹೊರಗೆ ಅಕ್ಷತೆ ಇತ್ತು.

ಅಕ್ಷತೆಯ ಕಥೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಸಂಘ ಹುಟ್ಟಿದ್ದು ಒಂದು ಮದುವೆಯ ಚಪ್ಪರದಲ್ಲಿ. ಎಲ್ಲರೂ ಒಂದೇ ಕಡೆ ಸಿಕ್ಕುವುದು ಊಟವಿದ್ದ ಕಡೆ ಮಾತ್ರ ಅಂತ ಆ ಕಾಲದ ಹಿರಿಯರಿಗೆ ಗೊತ್ತಿತ್ತು. ತಾಳಿ ಕಟ್ಟಿ ಮುಗಿದ ಮೇಲೆ ಒಬ್ಬ ಮುದಿ ನೇಕಾರನನ್ನು ಅಧ್ಯಕ್ಷನೆಂದು ಕೂಗಿದರು, ತಟ್ಟೆಯಲ್ಲಿ ಉಳಿದ ಅಕ್ಷತೆಯನ್ನು ಸಂತೋಷಕ್ಕೆ ಅವನ ತಲೆಯ ಮೇಲೆ ಹಾಕಿದರು. ಅಷ್ಟೇ ನಡೆದದ್ದು. ಮುಂದೆ ಬಂದವರು ಆ ಸಂತೋಷವನ್ನು ಕಾನೂನು ಮಾಡಿಕೊಂಡರು. ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿ ಎದ್ದು ಅಧ್ಯಕ್ಷನ ಹೆಸರು ಹೇಳುವುದು, ಅರಿಶಿನದ ಅಕ್ಷತೆಯ ತಟ್ಟೆಗಳು ಸಾಲಿನಲ್ಲಿ ಹಾಯುವುದು, ನಾನು ಗಟ್ಟಿಮೇಳದ ವಾಲಗ ಹಾಕುವುದು, ಎಲ್ಲರೂ ಅಕ್ಕಿ ಎರಚುವುದು. ಮುಗಿಯಿತು, ಅವಿರೋಧ ಆಯ್ಕೆ. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ವರ ಬೇಡ ಅನ್ನಲಾಗುತ್ತದೆಯೇ? ಇಲ್ಲೂ ಹಾಗೇ ಅಂತ ನಮ್ಮವರ ನಂಬಿಕೆ. ಕೈಗೆ ಬಂದ ಅಕ್ಷತೆಯನ್ನು ಎರಚದೆ ಇರುವುದೂ ಅಪಶಕುನ, ನೆಲಕ್ಕೆ ಚೆಲ್ಲುವುದೂ ಅಪಶಕುನ. ಹೀಗಾಗಿ ತಟ್ಟೆಗೆ ಕೈ ಹಾಕಿದವನು ಮನಸ್ಸಿಲ್ಲದಿದ್ದರೂ ಎರಚುತ್ತಿದ್ದ. ಓದಿದವರು, ಮೇಷ್ಟ್ರುಗಳು, ವಕೀಲರು ಎಲ್ಲರೂ ಎರಚುತ್ತಿದ್ದರು, ಎರಚಿ ಊಟಕ್ಕೆ ಓಡುತ್ತಿದ್ದರು.

ಈ ಅಕ್ಕಿಯ ಪ್ರತಾಪದಿಂದ ಚಂದ್ರಶೇಖರ್ ಬಹಳ ವರ್ಷ ಅಧ್ಯಕ್ಷನಾಗಿದ್ದ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ, ಕೈತುಂಬ ಉಂಗುರ, ತೆಲುಗು ಸಂಘದ ಅಧ್ಯಕ್ಷನಾದರೂ ತೆಲುಗಿನ ಒಂದು ಅಕ್ಷರ ಓದಲು ಬಾರದ ಮನುಷ್ಯ. ಭಾಷೆಯ ಅಭಿಮಾನದ ಬಗ್ಗೆ ಭಾಷಣ ಮಾಡುವಾಗ ಅದನ್ನು ಕನ್ನಡದಲ್ಲಿ ಬರೆಸಿಕೊಂಡು ಬಂದು ತಡವರಿಸಿ ಓದುತ್ತಿದ್ದ. ಅವನ ಬಲಗೈ ಕಾರ್ಯದರ್ಶಿ ಪಾತಣ್ಣ. ಆ ಮುದುಕ ಯಾರ ಮಾತಿಗೂ ಇಲ್ಲ ಅಂದವನಲ್ಲ, ಯಾರ ಕೆಲಸವನ್ನೂ ಮಾಡಿಕೊಟ್ಟವನೂ ಅಲ್ಲ. ಇವರಿಬ್ಬರ ಕಾಲದಲ್ಲಿ ಸುಗ್ಗಿ ಬಂತೆಂದರೆ ಶಾಲೆಯ ಎರಡು ಕೋಣೆಗಳಿಗೆ ಶೇಂಗಾ ಚೀಲ ತುಂಬುತ್ತಿದ್ದವು, ಮಕ್ಕಳು ಜಗಲಿಗೆ ಬರುತ್ತಿದ್ದರು. ಕೇಳಿದರೆ, ಗಾಳಿ ಬೆಳಕು ಮಕ್ಕಳಿಗೆ ಒಳ್ಳೆಯದು ಅನ್ನುತ್ತಿದ್ದ ಪಾತಣ್ಣ. ಕುರಿ ಕಾಯಲು ತೋಳನನ್ನು ನೇಮಿಸಿ, ತೋಳನ ತಲೆಗೆ ಅಕ್ಷತೆ ಹಾಕುವ ಕುರಿಗಳು ನಾವು.

ಹೊನ್ನಕ್ಕ ಈ ಕುರಿಗಳಲ್ಲಿ ಒಬ್ಬಳಾಗಿರಲಿಲ್ಲ. ಒಳ್ಳೆಯತನದಿಂದ ಅಂತ ಯಾರೂ ತಿಳಿಯಬೇಡಿ. ಅವಳ ತನಕ ತಟ್ಟೆಯೇ ಬರುತ್ತಿರಲಿಲ್ಲ.

ಅವಳ ಗಂಡ ಮಗ್ಗ ನೇಯುತ್ತಿದ್ದವನು. ಶಾಲೆ ಕಟ್ಟುವಾಗ ಗುಡ್ಡದಿಂದ ಕಲ್ಲು ಹೊತ್ತವನು, ಸಂಘದ ಮೊದಲ ಸದಸ್ಯರಲ್ಲಿ ಒಬ್ಬ. ಹೊನ್ನಕ್ಕ ಓದು ಕಲಿತದ್ದೂ ಆ ಶಾಲೆಯಲ್ಲೇ, ಮದುವೆಯಾಗಿ ಬಂದ ಮೇಲೆ ಸಂಜೆಯ ಪಾಠದಲ್ಲಿ. ಗಂಡ ತೀರಿಕೊಂಡಾಗ ಸಂಘದ ನಿಯಮದಂತೆ ಅವನ ಸದಸ್ಯತ್ವ ಅವಳಿಗೆ ಬಂತು. ನಮ್ಮ ಸಂಘದಲ್ಲಿ ಹೆಂಗಸರು ಸದಸ್ಯರಾಗುತ್ತಿದ್ದದ್ದು ಹೀಗೆ ಮಾತ್ರ. ಅಂದರೆ ಇದ್ದ ಹೆಂಗಸರೆಲ್ಲ ವಿಧವೆಯರು. ವಿಧವೆಯರ ಕೈಗೆ ನಮ್ಮವರು ಅಕ್ಷತೆ ಕೊಡುವುದಿಲ್ಲ. ಸಭೆಯಲ್ಲಿ ಅವರನ್ನು ಹಿಂದಿನ ಎಡಮೂಲೆಯಲ್ಲಿ ಕೂರಿಸುತ್ತಿದ್ದರು, ತಟ್ಟೆ ಅವರ ಸಾಲಿಗೆ ಬರುವಷ್ಟರಲ್ಲಿ ತಿರುಗಿ ಹೋಗುತ್ತಿತ್ತು. ಇಂಥ ಲೆಕ್ಕಾಚಾರದಲ್ಲಿ ನಮ್ಮ ಜನ ಬಹಳ ಜಾಣರು. ಗಂಡ ಸತ್ತರೆ ಓಟು ಬರುತ್ತದೆ, ಓಟು ಬಂದರೆ ಅಕ್ಷತೆ ಹೋಗುತ್ತದೆ, ಅಕ್ಷತೆಯೇ ಓಟು.

ಕುರ್ಚಿ ಜೋಡಿಸಲು ಹೋದಾಗಲೆಲ್ಲ ನಾನು ಅವಳ ಗಾಡಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಒಂದು ದಿನ ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನೋಡಪ್ಪ ಮೈಕ್‌ಸೆಟ್ಟು, ಎಂಎಲ್ಎಗೆ ಓಟು ಹಾಕಿದೀನಿ, ಪಂಚಾಯ್ತಿಗೆ ಹಾಕಿದೀನಿ. ನನ್ ಗಂಡ ಕಲ್ಲು ಹೊತ್ತ ಸಂಘದಾಗ ಒಂದ್ ಓಟು ಹಾಕಿಲ್ಲ. ಸಾಯೋದ್ರೊಳಗೆ ಒಂದ್ ಸಲ ಹಾಕ್ಬೇಕು ಕಣಪ್ಪ."

ಯಾರಿಗೆ ಹಾಕುತ್ತೀಯ ಅಂತ ಕೇಳಿದೆ. ಎಲ್ಲರೂ ನಾಲಾಯಕ್ಕುಗಳೇ, ಅವರಲ್ಲಿ ಕಡಿಮೆ ನಾಲಾಯಕ್ ಯಾವನೋ ಅವನಿಗೆ ಅಂದಳು.

ಕೊರೊನಾಕ್ಕೆ ಮುಂಚಿನ ಸಭೆಯಲ್ಲಿ ಅವಳು ಎದ್ದು ನಿಂತು, ಬೈಲಾ ಪ್ರಕಾರ ಓಟು ಇಡಿ ಅಂತ ಕೇಳಿದ್ದಳು. ಪಾತಣ್ಣ ನಗುತ್ತಾ, ಮುಂದಿನ ಸಲ ಖಂಡಿತ ಅಮ್ಮ ಅಂದಿದ್ದ, ನನಗೆ ಕಣ್ಣು ಮಿಟುಕಿಸಿದ್ದ. ಗಟ್ಟಿಮೇಳದ ಸದ್ದಿನಲ್ಲಿ ಅವಳ ಮಾತು ಮುಳುಗಿತು. ಊಟಕ್ಕೆ ಹೋಳಿಗೆ ಇತ್ತು. ಹೋಳಿಗೆ ಇದ್ದ ದಿನ ನಮ್ಮವರಿಗೆ ನ್ಯಾಯ ಅನ್ಯಾಯ ಕಿವಿಗೆ ಬೀಳುವುದಿಲ್ಲ.

ಮುಂದಿನ ಸಭೆಗೆ ಅವಳು ಬೇರೆ ತಯಾರಿ ಮಾಡಿಕೊಂಡಳು. ಆ ಸಲ ಅವಳ ತಂಗಿಯ ಮಗ ಪ್ರದೀಪ್ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆಂದು ಓಡಾಡುತ್ತಿದ್ದ. ಮೊಳಕಾಲ್ಮೂರಿನಲ್ಲಿ ಔಷಧಿ ಅಂಗಡಿ ಇಟ್ಟ ಹುಡುಗ, ಓದಿದವನು, ಶಾಲೆಯಿಂದ ಚೀಲ ತೆಗೆಸುತ್ತೇನೆ ಅನ್ನುವವನು. ಹೊನ್ನಕ್ಕ ಅವನನ್ನು ಹೊಗಳಲಿಲ್ಲ. ಹುಡುಗ ಪೆದ್ದ, ಆದರೆ ಕಳ್ಳನಿಗಿಂತ ಪೆದ್ದ ವಾಸಿ ಅಂದಳು. ಎಡಮೂಲೆಯ ಹೆಂಗಸರ ಮನೆಗೆಲ್ಲ ಹೋಗಿ ಮಾತಾಡಿ ಬಂದಳು. ಅವರಲ್ಲಿ ದೊಡ್ಡಕ್ಕ ಅನ್ನುವವಳು ಎಲ್ಲರಿಗಿಂತ ಪುಕ್ಕಲು. ಮಗ ಚಂದ್ರಶೇಖರನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳೂ ಬರುತ್ತೇನೆಂದಳಂತೆ. ಬರುವುದಿಲ್ಲ ಅಂತ ಹೊನ್ನಕ್ಕ ನನ್ನ ಹತ್ತಿರ ಖಡಾಖಂಡಿತವಾಗಿ ಹೇಳಿದ್ದಳು. ಬಂದಳು.

ಸಭೆಯ ದಿನ ಪಾತಣ್ಣ ಚಂದ್ರಶೇಖರನ ಹೆಸರು ಹೇಳಿದ. ಪ್ರದೀಪ್ ಎದ್ದು, ನಾನೂ ನಿಲ್ಲುತ್ತೇನೆ ಅಂದ. ಕೂತುಕೋಪ್ಪ, ಒಗ್ಗಟ್ಟು ಮುಖ್ಯ ಅಂತ ಮುಂದಿನ ಸಾಲಿನ ಪೇಟಗಳೆಲ್ಲ ಗದರಿದವು. ತಟ್ಟೆಗಳು ಹೊರಟವು. ಚಂದ್ರಶೇಖರ್ ವೇದಿಕೆಯ ನಡುವೆ ಕೈಮುಗಿದು ತಲೆ ಬಗ್ಗಿಸಿ ನಿಂತ. ಪಾತಣ್ಣ ಸನ್ನೆ ಮಾಡಿದ, ನಾನು ಗಟ್ಟಿಮೇಳ ಹಾಕಿದೆ. ಆಗ ಹಿಂದಿನ ಮೂಲೆಯಿಂದ ಆ ಹೆಂಗಸರು ಎದ್ದರು. ಎಲ್ಲರ ಸೆರಗಿನಲ್ಲೂ ಒಂದೊಂದು ಗಂಟು. ಗಂಟಿನಲ್ಲಿ ಅವರವರ ಮನೆಯಲ್ಲಿ ಅರಿಶಿನ ಕಲಸಿ ತಂದ ಅಕ್ಷತೆ. ಹೊನ್ನಕ್ಕ ಮುಂದೆ, ಉಳಿದವರು ಹಿಂದೆ, ನಡುದಾರಿಯಲ್ಲಿ ವೇದಿಕೆಯ ಕಡೆಗೆ ನಡೆದರು.

ಸಭೆಯ ಮೋರೆ ಹುಳ್ಳಗಾಯಿತು. ಚಂದ್ರಶೇಖರ್ ತಲೆ ಎತ್ತಿದ. ಬರುತ್ತಿರುವವರು ಯಾರು, ಕೈಯಲ್ಲಿ ಏನಿದೆ ಅಂತ ತಿಳಿದ ಕೂಡಲೇ ಹೆಗಲ ಮೇಲಿನ ಜರಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡ. ಅಷ್ಟು ದೊಡ್ಡ ದೇಹ, ಅಷ್ಟು ಉಂಗುರ, ಆಲಿಕಲ್ಲಿಗೆ ಹೆದರಿದ ಎಮ್ಮೆಯ ಹಾಗೆ ಮೈಕಿನ ಹಿಂದೆ ಸರಿಯಿತು.

ಪಾತಣ್ಣ ಮೆಟ್ಟಿಲಿಗೆ ಅಡ್ಡ ನಿಂತು, ನೀವು ಹಾಕಬಾರದಮ್ಮ, ಸಂಪ್ರದಾಯ ಅಲ್ಲ ಅಂದ. ನಾನು ವಾಲಗ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ, ಕೇಳಬೇಕು ಅನ್ನಿಸಿತು.

"ಯಾಕೆ ಹಾಕಬಾರ್ದು?" ಅಂದಳು ಹೊನ್ನಕ್ಕ. "ಅಕ್ಷತೆ ಹಾಕಿದ್ರೆ ಓಟು ಹಾಕ್ದಂಗೆ ಅಂತ ನೀವೇ ಹೇಳ್ತೀರಿ. ನಾವು ಮೆಂಬರು. ನಾವೂ ಹಾಕ್ತೀವಿ. ಇಲ್ಲ, ಪೆಟ್ಟಿಗೆ ಇಟ್ಟು ಓಟು ತಗೊಳ್ರಿ. ಎರಡ್ರಾಗ ಒಂದು."

ಪಾತಣ್ಣ ಬಾಯಿ ತೆರೆಯುವುದರೊಳಗೆ ಶಾಲಿನ ಒಳಗಿಂದ ಅಧ್ಯಕ್ಷರ ದನಿ ಬಂತು. "ಓಟೇ ಇಡ್ರಿ."

ಇಷ್ಟು ಕಾಲ ಬೈಲಾ ಹೇಳಿ ಆಗದ್ದು, ಅರ್ಜಿ ಕೊಟ್ಟು ಆಗದ್ದು, ವಿಧವೆಯರ ಅಕ್ಕಿಯ ಭಯಕ್ಕೆ ಒಂದು ನಿಮಿಷದಲ್ಲಿ ಆಯಿತು. ಪ್ರಜಾಪ್ರಭುತ್ವ ನಮ್ಮ ಸಂಘಕ್ಕೆ ಬಂದದ್ದು ಹೀಗೆ, ಮೂಢನಂಬಿಕೆಯ ಬೆನ್ನೇರಿ. ಬೇರೆ ದಾರಿಯಲ್ಲಿ ಬರುವಷ್ಟು ಯೋಗ್ಯತೆ ನಮಗಿರಲಿಲ್ಲ.

ಚುನಾವಣೆಯ ದಿನ ಗೊತ್ತಾಯಿತು, ಬೀಗದ ಪೆಟ್ಟಿಗೆ ತಂದರು. ಹೊನ್ನಕ್ಕ ಆ ದಿನಕ್ಕೆಂದು ಬೀರುವಿನಿಂದ ತನ್ನ ಗಂಡ ನೇಯ್ದ ರೇಷ್ಮೆ ಸೀರೆ ತೆಗೆದಿಟ್ಟಳು. ಆದರೆ ಚಂದ್ರಶೇಖರನಿಗೆ ಮುಖಭಂಗವಾಗಿತ್ತು. ಓಟು ಕೇಳಿಕೊಂಡು ಮಂಡಕ್ಕಿ ಮಾರುವವಳ ಮುಂದೆ ನಿಲ್ಲುವ ದರಿದ್ರ ನನಗೆ ಬಂದಿಲ್ಲ ಅಂದು ಕೊನೆಯ ಗಳಿಗೆಯಲ್ಲಿ ಕಣದಿಂದ ಹಿಂದೆ ಸರಿದ. ಉಳಿದವನು ಪ್ರದೀಪ್ ಒಬ್ಬನೇ. ಒಬ್ಬನೇ ಇದ್ದರೆ ಓಟು ಯಾಕೆ? ಅವಿರೋಧ ಅಂತ ಸಾರಿದರು. ಪೆಟ್ಟಿಗೆ ಬಂದ ಹಾಗೇ ಖಾಲಿ ಹೋಯಿತು. ಹೊನ್ನಕ್ಕ ಸೀರೆಯನ್ನು ಮಡಿಸಿ ಒಳಗಿಟ್ಟಳು. ತಂಗಿಯ ಮಗ ಅಧ್ಯಕ್ಷನಾದ ಸಂತೋಷ ಅವಳಿಗೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಸಂಜೆ ಮೆಣಸಿನಕಾಯಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು.

ಪ್ರದೀಪ್ ಮೊದಲು ಒಳ್ಳೆಯ ಕೆಲಸವನ್ನೇ ಮಾಡಿದ. ಕೋಣೆಗಳಿಂದ ಶೇಂಗಾ ಚೀಲ ಹೊರಬಿದ್ದವು, ಮಕ್ಕಳು ಒಳಗೆ ಹೋದರು, ಗೋಡೆಗೆ ಸುಣ್ಣ ಬಂತು. ಆಮೇಲೆ ಗೋಡೆಯ ಮೇಲೆ ಅವನ ಫೋಟೊ ಬಂತು. ಕಾರಿನ ಮುಂದೆ ಅಧ್ಯಕ್ಷರು ಅಂತ ಹಲಗೆ ಬಂತು. ಔಷಧಿ ಅಂಗಡಿಯಲ್ಲಿ ತಾನು ಕೂರುವುದು ಬಿಟ್ಟು ಸಂಬಳದವನನ್ನು ಕೂರಿಸಿದ. ನನ್ನನ್ನು ಅಣ್ಣ ಅನ್ನುತ್ತಿದ್ದವನು ರೀ ಸೌಂಡ್‌ನವರೇ ಅನ್ನತೊಡಗಿದ. ಕುರ್ಚಿಗೆ ಯಾವ ಅಂಟು ಇರುತ್ತದೋ ದೇವರಿಗೇ ಗೊತ್ತು. ಬಾಡಿಗೆಗೆ ಕೊಡುವ ನಾನೇ ಇಷ್ಟು ವರ್ಷ ಹುಡುಕಿದ್ದೇನೆ, ಕಣ್ಣಿಗೆ ಬಿದ್ದಿಲ್ಲ.

ಮೂರು ವರ್ಷ ತುಂಬುತ್ತಾ ಬಂತು. ಚಂದ್ರಶೇಖರ್ ಮತ್ತೆ ನಿಲ್ಲುತ್ತಾನೆ ಅನ್ನುವ ಸುದ್ದಿ ಎದ್ದಿತು. ಹೊನ್ನಕ್ಕನಿಗೆ ಖುಷಿ. ಇಬ್ಬರು ನಿಂತರೆ ಓಟು ಆಗಲೇಬೇಕಲ್ಲ. ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು. ಅಷ್ಟರಲ್ಲಿ ಪ್ರದೀಪ್ ಚಳ್ಳಕೆರೆಗೆ ಹೋಗಿ ಚಂದ್ರಶೇಖರನ ಮನೆಯಲ್ಲಿ ಊಟ ಮಾಡಿ ಬಂದ. ಚಂದ್ರಶೇಖರ್ ಗೌರವಾಧ್ಯಕ್ಷ ಅಂತ ತೀರ್ಮಾನವಾಯಿತು, ಪಾತಣ್ಣ ಕಾರ್ಯದರ್ಶಿಯಾಗಿಯೇ ಉಳಿಯುವುದು ಅಂತಲೂ. ನನಗೆ ಫೋನ್ ಬಂತು. ಸಭೆಗೆ ದೊಡ್ಡ ಶಾಮಿಯಾನ, ಹೂವಿನ ಕಮಾನು, ವಾಲಗದ ರೆಕಾರ್ಡಿಂಗ್ ಮರೆಯದೆ ತರಬೇಕು ಅಂತ.

ನಾನು ಹೊನ್ನಕ್ಕನಿಗೆ ವಿಷಯ ಹೇಳಿದೆ. ಅವಳು ನಂಬಲಿಲ್ಲ. ಆ ಹುಡುಗ ಪೆದ್ದನೇ ಹೊರತು ಹಾಗೆ ಮಾಡುವವನಲ್ಲ ಅಂದಳು. ಯಾರನ್ನೂ ನಂಬದ ಹೆಂಗಸು ಅವನೊಬ್ಬನನ್ನು ನಂಬಿದ್ದಳು.

ಸಭೆಯ ದಿನ ನಾನು ಕಂಡದ್ದು ಬೇರೆಯೇ. ವಿಧವೆಯರಿಗೆ ಮೂಲೆಯಲ್ಲ, ಮುಂದಿನ ಸಾಲು. ಅದೂ ಬಟ್ಟೆ ಹೊದಿಸಿದ ಕುರ್ಚಿ. ಪ್ರದೀಪ್ ಮೈಕನ್ನು ಎರಡು ಸಲ ತಟ್ಟಿದ, ಹಲೋ ಅಂದ. ಈ ಸಂಘದಲ್ಲಿ ಇಷ್ಟು ಕಾಲ ನಮ್ಮ ತಾಯಂದಿರಿಗೆ ಅನ್ಯಾಯವಾಗಿದೆ ಅಂದ. ಇಂದಿನಿಂದ ಮೊದಲ ಅಕ್ಷತೆಯ ತಟ್ಟೆ ಅವರಿಗೇ, ನಾನು ಕುರುಡು ನಂಬಿಕೆಗಳನ್ನು ನಂಬುವವನಲ್ಲ, ಅವರ ಆಶೀರ್ವಾದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅಂದ. ಫೋಟೊದವನು ಮುಂದೆ ಬಂದ. ಬೆಳ್ಳಿಯ ತಟ್ಟೆ ಮೊದಲು ದೊಡ್ಡಕ್ಕನ ಮುಂದೆ ಬಂತು. ಗಂಡ ಸತ್ತಾಗಿನಿಂದ ಒಂದು ಮದುವೆಯಲ್ಲೂ ಒಂದು ಕಾಳು ಮುಟ್ಟದ ದೊಡ್ಡಕ್ಕ ಎರಡೂ ಕೈ ಒಡ್ಡಿ ಗೊಳೋ ಅಂತ ಅತ್ತಳು. ಅವಳ ಅಳು ಕಂಡು ನನಗೆ ಪ್ರದೀಪನ ಮೇಲೆ ಸಿಟ್ಟು ಬಂತು. ಆ ಹೆಂಗಸರ ಜೀವಮಾನದ ನೋವನ್ನೇ ಇವನು ತನ್ನ ಕುರ್ಚಿಗೆ ದಿಂಬು ಮಾಡಿಕೊಂಡಿದ್ದ. ಚಂದ್ರಶೇಖರ್ ಬರೀ ಕಳ್ಳ. ಇವನು ಕದ್ದದ್ದನ್ನು ಪ್ರಸಾದ ಅಂತ ಹಂಚುವವನು.

ತಟ್ಟೆ ಹೊನ್ನಕ್ಕನ ಹತ್ತಿರ ಬಂತು. ಅವಳು ಮುಟ್ಟಲಿಲ್ಲ. ಪ್ರದೀಪ್ ಮೈಕಿನಲ್ಲೇ, ನಮ್ಮ ಪೆದ್ದಮ್ಮ ವೇದಿಕೆಗೆ ಬಂದು ಮೊದಲ ಅಕ್ಷತೆ ಹಾಕಲಿ ಅಂತ ಕರೆದ. ತಾಯಿಯ ಅಕ್ಕನನ್ನು ನಾವು ಪೆದ್ದಮ್ಮ ಅನ್ನುತ್ತೇವೆ. ಸಭೆ ಚಪ್ಪಾಳೆ ತಟ್ಟಿತು. ಅವಳು ಎದ್ದು ಮೆಟ್ಟಿಲು ಹತ್ತಿದಳು. ಆ ಕಡೆ ಪೇಟ ಸುತ್ತಿಕೊಂಡ ಚಂದ್ರಶೇಖರ್ ಕೂತಿದ್ದ, ಅವನ ಕಣ್ಣು ಅವಳ ಕೈ ಮೇಲೆಯೇ ಇತ್ತು. ಈ ಕಡೆ ಪ್ರದೀಪನ ತಾಯಿ, ಹೊನ್ನಕ್ಕನ ತಂಗಿ, ನಗುತ್ತಾ ತಟ್ಟೆ ಹಿಡಿದು ನಿಂತಿದ್ದಳು.

"ಓಟು ಯಾವಾಗಪ್ಪ?" ಅಂತ ಹೊನ್ನಕ್ಕ ಕೇಳಿದಳು. ಮೈಕು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು.

"ಓಟು ಯಾಕೆ ಪೆದ್ದಮ್ಮ? ಎಲ್ರೂ ಒಪ್ಪಿದಾರೆ. ನಿನ್ ಕೈಯಾರೆ ಅಕ್ಷತೆ ಹಾಕು, ಅದೇ ಓಟು."

"ಒಪ್ಪಿದಾರೋ ಇಲ್ವೋ ಒಂದ್ ಸಲ ಕೇಳಿದ್ಯಾ?"

ಅವನು ನಕ್ಕ. ಮೈಕಿನಿಂದ ಬಾಯಿ ಸರಿಸಿ ಏನೋ ಹೇಳಿದ. ಮನೆಯಲ್ಲಿ ಮಾತಾಡೋಣ, ಇಲ್ಲಿ ಬೇಡ ಅಂದನಂತೆ. ಆಮೇಲೆ ಕೈಮುಗಿದು ತಲೆ ಬಗ್ಗಿಸಿದ. ಚಂದ್ರಶೇಖರ್ ಬಗ್ಗಿಸುತ್ತಿದ್ದ ಹಾಗೇ, ಅದೇ ಜಾಗದಲ್ಲಿ. ಪಾತಣ್ಣ ಅದೇ ಸನ್ನೆ ಮಾಡಿದ. ಕಸುಬಿನ ಕೈ, ನಾನು ಗಟ್ಟಿಮೇಳ ಹಾಕಿಬಿಟ್ಟೆ. ಕೆಳಗಿನ ಹೆಂಗಸರು ಅಕ್ಷತೆ ಹಿಡಿದ ಮುಷ್ಟಿ ಎತ್ತಿದರು, ಆದರೆ ಮೊದಲ ಅಕ್ಷತೆ ಹೊನ್ನಕ್ಕನದು ಅಂತ ಕಾದರು.

ಹೊನ್ನಕ್ಕ ತಂಗಿಯ ತಟ್ಟೆಯಿಂದ ಚಿಟಿಕೆ ಅಕ್ಕಿ ತೆಗೆದುಕೊಂಡಳು. ಎಡಗೈಯಲ್ಲಿ ಪ್ರದೀಪನ ಗದ್ದ ಹಿಡಿದು ಮುಖ ಎತ್ತಿದಳು. ಚಿಕ್ಕಂದಿನಲ್ಲಿ ಅವನಿಗೆ ತುತ್ತು ಹಾಕುವಾಗ ಹೀಗೇ ಹಿಡಿದಿರಬೇಕು. ಬಲಗೈಯ ಅಕ್ಕಿಯನ್ನು ತಲೆಗೆ ಹಾಕಲಿಲ್ಲ, ಅವನ ತುಟಿಗೆ ಇಟ್ಟಳು.

ನಮ್ಮಲ್ಲಿ ಬಾಯಿಗೆ ಅಕ್ಕಿ ಹಾಕುವುದು ಹೆಣಕ್ಕೆ. ಗುಂಡಿಗೆ ಇಳಿಸುವ ಮುಂಚೆ, ಹತ್ತಿರದವರು.

ತಂಗಿಯ ಕೈಯಿಂದ ತಟ್ಟೆ ಬಿತ್ತು. ನಾನು ವಾಲಗ ನಿಲ್ಲಿಸಿದೆ. ಹೊನ್ನಕ್ಕ ಗದ್ದ ಹಿಡಿದ ಕೈ ಬಿಡದೆ ಹೇಳಿದಳು.

"ಓಟಿಲ್ದೆ ಕುರ್ಚಿ ಮ್ಯಾಲೆ ಕುಂತೋನು ಹೆಣ ಕಣಪ್ಪ. ಹೆಣಕ್ಕೆ ಅಕ್ಕಿ ತಲೆಗೆ ಹಾಕಲ್ಲ. ನಾನು ನಿಂಗೆ ಹತ್ತಿರದೋಳು, ಅದಕ್ಕೆ ಹಾಕ್ದೆ."

ಕುರುಡು ನಂಬಿಕೆಗಳನ್ನು ನಂಬದ ಪ್ರದೀಪ್ ತುಟಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಕರವಸ್ತ್ರ ತೆಗೆದು ಉಜ್ಜಿದ. ಮುಖ ಬೆಳ್ಳಗೆ ಬಿಳಿಚಿತ್ತು. ಅವನ ತಾಯಿ ಅಕ್ಕನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಾ ಅತ್ತಳು. ಗೌರವಾಧ್ಯಕ್ಷರು ಯಾವಾಗಲೋ ವೇದಿಕೆ ಇಳಿದು ಚಪ್ಪಲಿ ಹುಡುಕುತ್ತಿದ್ದರು. ಸಭೆಯ ಜನ ಒಬ್ಬೊಬ್ಬರೇ ಎದ್ದರು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಬೇಕಲ್ಲ, ಊಟವನ್ನೂ ಮುಟ್ಟದೆ ಎಲ್ಲರೂ ಸ್ನಾನಕ್ಕೆ ಹೊರಟರು. ಹೋಳಿಗೆ ಬಿಟ್ಟು ನಮ್ಮವರು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೈಯಲ್ಲಿದ್ದ ಅಕ್ಷತೆಯನ್ನು ಎಲ್ಲಿ ಹಾಕಬೇಕು ಅಂತ ತಿಳಿಯದೆ ದೊಡ್ಡಕ್ಕ ಹೊನ್ನಕ್ಕನ ಮುಖ ನೋಡಿದಳು. ಮನೆಗೆ ಒಯ್ದು ಅನ್ನ ಮಾಡ್ಕೊಂಡು ಉಣ್ಣು, ಅಕ್ಕಿ ತಾನೇ ಅಂದಳು ಹೊನ್ನಕ್ಕ.

ಹೆಣವೆನ್ನಿಸಿಕೊಂಡ ಮೇಲೆ ಅವಿರೋಧ ಅಂತ ಸಾರಲು ಪಾತಣ್ಣನಿಗೂ ಧೈರ್ಯ ಬರಲಿಲ್ಲ. ಆ ಅಪಶಕುನ ಕಳೆಯಲು ಓಟು ಒಂದೇ ಶಾಂತಿ ಅಂತ ಪೇಟದವರೇ ತೀರ್ಮಾನಿಸಿದರು. ಅವರ ಬುದ್ಧಿಗೆ ಅದು ಶಾಂತಿಹೋಮವಾಗಿಯೇ ಕಂಡಿತು, ಕಾಣಲಿ. ವಾಸನೆ ಹತ್ತಿದ ಚಂದ್ರಶೇಖರ್ ಗೌರವವನ್ನು ಬಿಸಾಕಿ ಅಧ್ಯಕ್ಷಗಿರಿಗೆ ನಿಂತ. ಪ್ರದೀಪನೂ ನಿಂತ. ಮನೆಮನೆಗೆ ಹೋಗಿ ಕೈಮುಗಿದ. ಪೆದ್ದಮ್ಮನ ಮನೆ ಒಂದನ್ನು ಬಿಟ್ಟ. ತಂಗಿ ಅಕ್ಕನ ಜೊತೆ ಮಾತು ಬಿಟ್ಟಳು, ಇವತ್ತಿಗೂ ಆಡಿಲ್ಲ. ಹೊನ್ನಕ್ಕ ಹಬ್ಬದ ದಿನಗಳಲ್ಲೂ ಈಗ ಗಾಡಿ ಮುಚ್ಚುವುದಿಲ್ಲ, ಹೋಗುವುದಕ್ಕೆ ತಂಗಿಯ ಮನೆಯಿಲ್ಲ.

ಓಟು ನಡೆದದ್ದು ಶಾಲೆಯಲ್ಲಿ, ಹಿಂದೆ ಶೇಂಗಾ ಚೀಲ ತುಂಬಿದ್ದ ಕೋಣೆಯಲ್ಲಿ. ಮೂಲೆಯಲ್ಲಿ ರಟ್ಟಿನ ಮರೆ, ಅದರ ಹಿಂದೆ ಮೇಜು. ನಾನೂ ಸಾಲಿನಲ್ಲಿದ್ದೆ. ಹೊನ್ನಕ್ಕ ಆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಎಣ್ಣೆಯ ವಾಸನೆ ಮಾತ್ರ ಸೀರೆಗೂ ಹತ್ತಿತ್ತು. ಮರೆಯ ಹಿಂದೆ ಹೋದವಳು ಬೇಗ ಬರಲಿಲ್ಲ. ಹಿಂದಿನವರು ಗೊಣಗಿದರು. ಒಳಗಿನಿಂದಲೇ, ನಲವತ್ತು ವರ್ಷ ಕಾದಿದೀನಿ, ಸ್ವಲ್ಪ ನೀವೂ ಕಾಯ್ರಿ ಅಂದಳು.

ಪ್ರದೀಪ್ ಗೆದ್ದ. ಬಹಳ ಅಂತರವೇನಲ್ಲ, ಬೆವರು ಇಳಿಯುವಷ್ಟು ಹತ್ತಿರದ ಗೆಲುವು. ಗೋಡೆಯ ಮೇಲಿದ್ದ ತನ್ನ ಫೋಟೊವನ್ನು ತಾನೇ ಇಳಿಸಿದ ಅಂತ ಕೇಳಿದೆ. ಬುದ್ಧಿ ಬಂದು ಇಳಿಸಿದನೋ, ಭಯಕ್ಕೆ ಇಳಿಸಿದನೋ, ಮುಂದಿನ ಸಲ ಗೊತ್ತಾಗುತ್ತದೆ.

ಸಂಜೆ ಕುರ್ಚಿ ತುಂಬಿಸಿ ನಾನು ಗಾಡಿಯ ಹತ್ತಿರ ಹೋದೆ. ಹೊನ್ನಕ್ಕ ರೇಷ್ಮೆ ಸೀರೆಯಲ್ಲೇ ಬಾಣಲೆಯ ಮುಂದೆ ನಿಂತಿದ್ದಳು. ಓಟಿನ ಗುಟ್ಟು ಕೇಳಬಾರದು ಅಂತ ಗೊತ್ತಿದ್ದೂ ಕೇಳಿದೆ, ಯಾರಿಗೆ ಹಾಕಿದೆ ಅಂತ.

"ಆ ಮುಂಡೇದಕ್ಕೇ ಹಾಕ್ದೆ. ಬ್ಯಾರೆ ಯಾವನಿದಾನೆ?" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಹೊಗೆ ಇರಬಹುದು. "ಅವತ್ತು ಅಕ್ಷತೆ ಹಾಕಿದ್ರೂ ಅವನೇ ಆಗ್ತಿದ್ದ, ಇವತ್ತೂ ಅವನೇ ಆದ. ಆದ್ರೆ ಇವತ್ತು ಅವನ್ನ ಮಾಡ್ದೋಳು ನಾನು. ಬ್ಯಾಡ ಅಂದಿದ್ರೂ ಅನ್ನಬಹುದಿತ್ತು."

ಪೊಟ್ಟಣ ಕಟ್ಟಿ ಕೊಟ್ಟಳು. ಮೆಣಸಿನಕಾಯಿ ತಣ್ಣಗಿತ್ತು. ಆದರೂ ತಿಂದೆ.